ಐದು ಹೊಳೆ, ಒಂದೇ ಅಳಿವೆ: ಕುಂದಾಪುರವನ್ನು ನೀರಿನ ಕಡೆಯಿಂದ ನೋಡಿದರೆ

ಕುಂದಾಪುರದ ಕೋಡಿಗೆ ಹೋಗಿ, ಮರಳು ಮುಗಿಯುವ ತುದಿಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಎದುರಿಗೇ ಗಂಗೊಳ್ಳಿ. ಬಂದರಿನಲ್ಲಿ ಸಾಲಾಗಿ ಕಟ್ಟಿದ ಬೋಟುಗಳ ಬಣ್ಣ ಕೂಡ ಕಾಣುತ್ತದೆ. ನಡುವೆ ಇರುವುದು ಬರೀ ನೀರು, ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಆದರೆ ಬಸ್ಸಿನಲ್ಲಿ ಗಂಗೊಳ್ಳಿಗೆ ಹೋಗಬೇಕು ಅಂದರೆ ಮೊದಲು ಪೇಟೆಗೆ ವಾಪಸ್ ಬರಬೇಕು. ಹೆದ್ದಾರಿ ಹಿಡಿದು ಸೇತುವೆ ಮೇಲೆ ಸೇತುವೆ ದಾಟಬೇಕು. ಹೆಮ್ಮಾಡಿ ಕಳೆದು ತ್ರಾಸಿಯ ಹತ್ತಿರ ತಲುಪಿದ ಮೇಲೆ ಮತ್ತೆ ದಕ್ಷಿಣಕ್ಕೆ ತಿರುಗಿ ಬರಬೇಕು. 15 ಕಿಲೋಮೀಟರ್‌ಗೂ ಜಾಸ್ತಿ.

ಕುಂದಾಪುರ ಅರ್ಥವಾಗಬೇಕಾದರೆ ಈ ಒಂದು ಕಿಲೋಮೀಟರ್ ಮತ್ತು ಆ 15 ಕಿಲೋಮೀಟರ್ ನಡುವಿನ ವ್ಯತ್ಯಾಸ ಅರ್ಥವಾಗಬೇಕು ಎನ್ನುವುದು ನನ್ನ ನಂಬಿಕೆ. ದೋಣಿಯ ಕಾಲದಲ್ಲಿ ಈ ಊರು ಎಲ್ಲ ದಾರಿಗಳೂ ಸೇರುವ ಜಾಗವಾಗಿತ್ತು. ರಸ್ತೆಯ ಕಾಲ ಬಂದ ಮೇಲೆ ಅದೇ ನೀರು ದಾಟಬೇಕಾದ ಅಡ್ಡಿಯಾಯಿತು. ಊರಿನ ವ್ಯಾಪಾರ, ಊಟ, ಆಟ, ಮಾತು ಎಲ್ಲದರಲ್ಲೂ ಈ ಬದಲಾವಣೆಯ ಗುರುತು ಇದೆ.

ಮೊದಲು ನೆಲದ ಆಕಾರ ನೋಡೋಣ.

ಉಡುಪಿಯಿಂದ ಉತ್ತರಕ್ಕೆ ಸುಮಾರು 36 ಕಿಲೋಮೀಟರ್ ಹೋದರೆ ಕುಂದಾಪುರ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಘಟ್ಟ. ಘಟ್ಟದ ಮೇಲೆ ಬೀಳುವ ಮಳೆ ಸಾಮಾನ್ಯದ್ದಲ್ಲ. ಕರಾವಳಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆಯಾದರೆ, ಆಗುಂಬೆಯ ಸರಾಸರಿ 7000 ದಾಟುತ್ತದೆ. ಇಷ್ಟೂ ನೀರು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಇಳಿದು, ಸ್ವಲ್ಪವೇ ದೂರದಲ್ಲಿರುವ ಕಡಲು ಸೇರಬೇಕು. ಹಾಗಾಗಿ ಇಲ್ಲಿಯ ಹೊಳೆಗಳು ಗಿಡ್ಡ, ರಭಸ ಜಾಸ್ತಿ.

ಇಂಥ ಐದು ಹೊಳೆಗಳು ಕುಂದಾಪುರದ ಹತ್ತಿರ ಒಂದಾಗುತ್ತವೆ. ಅದಕ್ಕೇ ಪಂಚಗಂಗಾವಳಿ ಎಂಬ ಹೆಸರು. ಸೌಪರ್ಣಿಕಾ ಕೊಡಚಾದ್ರಿಯ ಕಡೆಯಿಂದ ಕೊಲ್ಲೂರು ಹಾದು ಬರುತ್ತದೆ. ಕುಬ್ಜಾ ಕಮಲಶಿಲೆಯ ದೇವಸ್ಥಾನದ ಪಕ್ಕದಲ್ಲೇ ಹರಿಯುತ್ತದೆ. ಮಳೆಗಾಲದಲ್ಲಿ ಅದು ಉಕ್ಕಿ ಗರ್ಭಗುಡಿಗೂ ಬರುತ್ತದೆ. ಊರಿನವರು ಅದಕ್ಕೆ ಹೆದರುವುದಿಲ್ಲ. ದೇವಿಗೆ ಹೊಳೆಯೇ ಸ್ನಾನ ಮಾಡಿಸಿತು ಎಂದು ಕೈ ಮುಗಿಯುತ್ತಾರೆ. ಚಕ್ರಾ ನದಿಯ ಮೇಲ್ಭಾಗದ ನೀರನ್ನು ಘಟ್ಟದ ಮೇಲೇ ಹಿಡಿದು ಸಾವೆಹಕ್ಲು ಅಣೆಕಟ್ಟಿನ ಮೂಲಕ ಲಿಂಗನಮಕ್ಕಿ ಜಲಾಶಯಕ್ಕೆ ತಿರುಗಿಸಿದ್ದಾರೆ. ಉಳಿದ ನೀರು ಮಾತ್ರ ಇಲ್ಲಿಗೆ ಬರುತ್ತದೆ. ವಾರಾಹಿ ಇವುಗಳಲ್ಲಿ ದೊಡ್ಡದು. ಕೆಳಗೆ ಬರುತ್ತಾ ಜನ ಅದನ್ನು ಹಾಲಾಡಿ ಹೊಳೆ ಎಂದೂ ಕರೆಯುತ್ತಾರೆ. ಮಾಣಿ ಅಣೆಕಟ್ಟಿನಿಂದ ಬರುವ ಅದರ ನೀರು ಹೊಸಂಗಡಿಯಲ್ಲಿ ನೆಲದೊಳಗೆ ಕಟ್ಟಿದ ವಿದ್ಯುತ್ ಕೇಂದ್ರದ ಯಂತ್ರಗಳನ್ನು ತಿರುಗಿಸಿ ಮುಂದೆ ಹೋಗುತ್ತದೆ. ಆ ಕೇಂದ್ರದ ಸಾಮರ್ಥ್ಯ 460 ಮೆಗಾವಾಟ್. ಐದನೆಯದು ಸಣ್ಣ ಹೊಳೆ.

ಐದೂ ನೇರವಾಗಿ ಕಡಲಿಗೆ ಹೋಗಬಹುದಿತ್ತಲ್ವಾ? ಯಾಕೆ ಒಂದೇ ಬಾಗಿಲಿಗೆ ಬಂದವು?

ಇದಕ್ಕೆ ಉತ್ತರ ಮರವಂತೆಯಲ್ಲಿದೆ. ಅಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ. ಎಲ್ಲರೂ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ತೆಗೆಯಲೇಬೇಕಾದ ಜಾಗವೇ ಅದು. ಆದರೆ ಅಲ್ಲಿ ನಿಜವಾಗಿ ನಡೆದದ್ದು ಫೋಟೊದಲ್ಲಿ ಬರುವುದಿಲ್ಲ. ಕಡಲ ಅಲೆಗಳು ಸಾವಿರಾರು ವರ್ಷ ಮರಳು ತಂದು ತಂದು ದಂಡೆಯ ಉದ್ದಕ್ಕೂ ಒಂದು ದಿಣ್ಣೆ ಕಟ್ಟಿವೆ. ಘಟ್ಟದಿಂದ ಇಳಿದು ಬಂದ ಹೊಳೆ ಕಡಲಿಗೆ ಇನ್ನೇನು ಸೇರಬೇಕು ಅನ್ನುವಾಗ ಈ ದಿಣ್ಣೆ ಅಡ್ಡ ಸಿಗುತ್ತದೆ. ಹೊಳೆ ದಕ್ಷಿಣಕ್ಕೆ ತಿರುಗಿ, ಕಡಲ ಪಕ್ಕದಲ್ಲೇ ಇಷ್ಟು ದೂರ ನಡೆದು, ಗಂಗೊಳ್ಳಿಯಲ್ಲಿ ಬಾಗಿಲು ಕಂಡುಕೊಳ್ಳುತ್ತದೆ. ಆ ಬಾಗಿಲಿಗೆ ನಮ್ಮಲ್ಲಿ ಅಳಿವೆ ಎನ್ನುತ್ತಾರೆ.

ಅಳಿವೆಯ ಎರಡೂ ಕಡೆ ಮರಳಿನ ಎರಡು ಬೆರಳುಗಳಿವೆ ಎಂದುಕೊಳ್ಳಿ. ಉತ್ತರದಿಂದ ಚಾಚಿದ ಬೆರಳಿನ ತುದಿ ಗಂಗೊಳ್ಳಿ. ದಕ್ಷಿಣದಿಂದ ಚಾಚಿದ್ದರ ತುದಿ ಕೋಡಿ. ಎರಡರ ನಡುವಿನ ಸಂದಿಯಿಂದ ಹೊಳೆನೀರು ಹೊರಗೆ, ಕಡಲನೀರು ಒಳಗೆ. ಬೆರಳುಗಳ ಹಿಂದೆ, ಅಲೆಯ ಹೊಡೆತ ತಾಗದ ಕಡೆ, ಮೂರು ದಿಕ್ಕಿಗೂ ನೀರು ಇಟ್ಟುಕೊಂಡು ಕುಂದಾಪುರ ಪೇಟೆ ಕೂತಿದೆ. ಹೀಗಾಗಿ ಕುಂದಾಪುರ ಕಡಲ ಊರು ಅನ್ನುವುದಕ್ಕಿಂತ ಅಳಿವೆಯ ಊರು ಅನ್ನುವುದು ಸರಿ. ಪೇಟೆಯೊಳಗೆ ನಿಂತರೆ ಸಮುದ್ರ ಕಾಣುವುದೇ ಇಲ್ಲ.

ಹೊಳೆಯ ನಡುವೆ ಕುದ್ರುಗಳಿವೆ. ಕುದ್ರು ಅಂದರೆ ಹೊಳೆ ತಂದ ಮಣ್ಣು ನಿಂತು ಆದ ದ್ವೀಪ. ಹೇರಿಕುದ್ರು, ಉಪ್ಪಿನಕುದ್ರು ಹೀಗೆ. ದಂಡೆಯಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳು. ಅವುಗಳ ಬೇರು ಕೆಸರನ್ನು ಹಿಡಿದುಕೊಳ್ಳುತ್ತದೆ. ಏಡಿ, ಸಿಗಡಿ, ಮೀನಿನ ಮರಿಗಳಿಗೆ ಆ ಬೇರಿನ ಸಂದುಗಳೇ ಮನೆ. ಕಾಂಡ್ಲಾ ಕಡಿದರೆ ದಂಡೆ ಜಾರುತ್ತದೆ, ಬಲೆಗೆ ಬೀಳುವ ಮೀನೂ ಕಡಿಮೆಯಾಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಉಪ್ಪು, ಸಿಹಿ

ಅಳಿವೆಯ ಊರಿನಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಯಾಕೆಂದರೆ ನೀರನ್ನು ಎಳೆಯುವುದರಲ್ಲಿ ಚಂದ್ರನದೇ ದೊಡ್ಡ ಪಾಲು. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯನ ಎಳೆತವೂ ಸೇರಿ ಉಬ್ಬರ ದೊಡ್ಡದಾಗುತ್ತದೆ. ನನ್ನ ಅಮ್ಮಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಇವತ್ತು ಯಾವ ತಿಥಿ ಅಂದರೆ ಸಾಕು, ಹೊಳೆಯಲ್ಲಿ ಚಿಪ್ಪು ಹೆಕ್ಕಲು ಎಷ್ಟು ಹೊತ್ತಿಗೆ ಇಳಿಯಬಹುದು ಎಂದು ಹೇಳುತ್ತಿದ್ದರು. ಒಂದು ದಿನವೂ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ.

ಮಳೆಗಾಲದಲ್ಲಿ ಹೊಳೆಯ ಕೈ ಮೇಲು. ಕೆಂಪು ನೀರು ಕಡಲಿನೊಳಗೆ ತುಂಬ ದೂರ ನುಗ್ಗುತ್ತದೆ. ಅಳಿವೆಯಲ್ಲಿ ಕೂತಿದ್ದ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಕಡಲಿನ ಕೈ ಮೇಲು. ಹೊಳೆ ಬಡವಾದಾಗ ಉಪ್ಪುನೀರು ಮೇಲಕ್ಕೆ ಹತ್ತುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಭಾರ. ಅದು ತಳದಲ್ಲಿ ಸದ್ದಿಲ್ಲದೆ ಒಳಗೆ ಸರಿಯುತ್ತದೆ. ದಂಡೆಯ ಗದ್ದೆಗೆ ಹೋಗುತ್ತದೆ, ಆಮೇಲೆ ಬಾವಿಗೂ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸುತ್ತಲೂ ನೀರಿದ್ದು ಕುಡಿಯಲು ಒಂದು ಕೊಡ ಸಿಗದ ಮನೆಗಳು ಈ ಕುದ್ರುಗಳಲ್ಲಿವೆ. 4000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಇದು ಸಣ್ಣ ಸಂಕಟವಲ್ಲ.

ಇದನ್ನು ತಡೆಯಲು ಕಿಂಡಿ ಅಣೆಕಟ್ಟು ಕಟ್ಟುತ್ತಾರೆ. ಉಪಾಯ ಬಹಳ ಸರಳ. ಹೊಳೆಗೆ ಅಡ್ಡಲಾಗಿ ಕಂಬಗಳು, ನಡುವೆ ಕಿಂಡಿಗಳು. ಮಳೆ ನಿಂತ ಮೇಲೆ ಕಿಂಡಿಗೆ ಹಲಗೆ ಹಾಕಿ ಮುಚ್ಚುತ್ತಾರೆ. ಮೇಲೆ ಸಿಹಿನೀರು ನಿಲ್ಲುತ್ತದೆ, ಕೆಳಗಿನ ಉಪ್ಪುನೀರು ಹತ್ತುವುದಿಲ್ಲ. ಮಳೆಗಾಲ ಶುರುವಾಗುವ ಮೊದಲು ಹಲಗೆ ತೆಗೆದು ಹೊಳೆಯನ್ನು ಬಿಡುತ್ತಾರೆ. ಹಲಗೆ ಹಾಕುವುದು ಹದಿನೈದು ದಿನ ತಡವಾದರೂ ಉಪ್ಪು ಆಗಲೇ ಮೇಲೆ ಹೋಗಿರುತ್ತದೆ. ಕಟ್ಟುವುದಕ್ಕಿಂತ ಸಮಯಕ್ಕೆ ಸರಿಯಾಗಿ ಹಲಗೆ ಹಾಕುವುದೇ ಮುಖ್ಯ.

ಭೂಮಿಯನ್ನೂ ಇಲ್ಲಿ ನೀರಿನ ಲೆಕ್ಕದಲ್ಲೇ ವಿಂಗಡಿಸುತ್ತಾರೆ. ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ ಬೈಲು. ಅದರ ಮೇಲಿನ ಮಟ್ಟ ಮಜಲು. ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಬೈಲಿನಲ್ಲಿ ಮೂರು ಬೆಳೆಯವರೆಗೂ ತೆಗೆಯಬಹುದು. ಬೆಟ್ಟಿನಲ್ಲಿ ಒಂದೇ. ಹೆಮ್ಮಾಡಿಯ ಸುತ್ತಮುತ್ತ ಭತ್ತ ಕೊಯ್ದ ಗದ್ದೆಯಲ್ಲಿ ಸೇವಂತಿಗೆ ಬೆಳೆಯುತ್ತಾರೆ. ಅದು ಸರಿಯಾಗಿ ಮಕರ ಸಂಕ್ರಾಂತಿಯ ಹೊತ್ತಿಗೆ ಅರಳಿ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಹೋಗುತ್ತದೆ. ಆ ದಿನಗಳಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ಹಳದಿ ಬಣ್ಣವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಬಸ್ರೂರು ಯಾಕೆ ದೊಡ್ಡದಾಗಿತ್ತು?

ಇವತ್ತು ಬಸ್ರೂರು ಅಂದರೆ ಕುಂದಾಪುರದ ಪಕ್ಕದ ಹಳ್ಳಿ. ವಾರಾಹಿಯ ದಂಡೆಯಲ್ಲಿ, ಕಡಲಿನಿಂದ ಒಳಗೆ ಇದೆ. ವಿಜಯನಗರದ ಕಾಲದಲ್ಲಿ ಅದು ಈ ಕರಾವಳಿಯ ದೊಡ್ಡ ಬಂದರುಗಳಲ್ಲಿ ಒಂದು. ಪೋರ್ಚುಗೀಸರು ಅದನ್ನು ಬಾರ್ಸೆಲೋರ್ ಎಂದು ಬರೆದುಕೊಂಡರು. ಕಡಲಿಲ್ಲದ ಕಡೆ ಬಂದರು ಹೇಗೆ ಎಂಬ ಪ್ರಶ್ನೆ ಬರುವುದು ಸಹಜ.

ಆಗಿನ ಮರದ ಹಡಗುಗಳಿಗೆ ಆಳ ಜಾಸ್ತಿ ಬೇಕಿರಲಿಲ್ಲ. ಅವು ಅಳಿವೆಯಲ್ಲಿ ಕಾಯುತ್ತಿದ್ದವು. ನೀರು ಏರುವಾಗ ಅದರ ಜೊತೆಗೇ ಹೊಳೆಯೊಳಗೆ ಹೋಗುತ್ತಿದ್ದವು, ಇಳಿಯುವಾಗ ಅದರ ಜೊತೆ ಹೊರಗೆ ಬರುತ್ತಿದ್ದವು. ಒಳನಾಡಿನ ಬಂದರಿಗೆ ಬಿರುಗಾಳಿಯ ಭಯವಿಲ್ಲ. ಕಡಲ್ಗಳ್ಳರು ಒಮ್ಮೆಲೇ ನುಗ್ಗುವುದೂ ಕಷ್ಟ. ಘಟ್ಟದ ಮೇಲಿನಿಂದ ಸರಕು ಎತ್ತುಗಳ ಬೆನ್ನ ಮೇಲೆ ಇಳಿಯುತ್ತಿತ್ತು. ಹೊಸಂಗಡಿ ಎಂಬ ಹೆಸರನ್ನೇ ನೋಡಿ. ಹೊಸ ಅಂಗಡಿ. ಘಟ್ಟದ ಬುಡದಲ್ಲಿ, ನಗರದಿಂದ ಇಳಿಯುವ ದಾರಿಯಲ್ಲಿದೆ. ಆ ನಗರ, ಅಂದರೆ ಬಿದನೂರು, ಕೆಳದಿ ಅರಸರ ರಾಜಧಾನಿ. ರಾಜಧಾನಿಗೆ ಬಾಗಿಲು ಈ ಅಳಿವೆ.

ಮೆಣಸು, ಶುಂಠಿ ಹೋಗುತ್ತಿದ್ದದ್ದು ಎಲ್ಲರಿಗೂ ಗೊತ್ತು. ಆದರೆ ಬಸ್ರೂರಿನ ನಿಜವಾದ ಬಲ ಅಕ್ಕಿ. ಗೋವಾದಲ್ಲಿದ್ದ ಪೋರ್ಚುಗೀಸರು ಈ ಕರಾವಳಿಯ ಅಕ್ಕಿಯನ್ನೇ ನಂಬಿಕೊಂಡಿದ್ದರು. 1569ರಲ್ಲಿ ಅವರು ಇಲ್ಲಿಗೆ ಬಂದು ಕೋಟೆ ಹಿಡಿದದ್ದಕ್ಕೆ ಇದು ದೊಡ್ಡ ಕಾರಣ. ಕುಂದಾಪುರದ ರೋಸರಿ ಚರ್ಚಿನ ಇತಿಹಾಸ 1570ರಿಂದ ಶುರುವಾಗುವುದೂ ಇದೇ ಹಿನ್ನೆಲೆಯಲ್ಲಿ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಇಲ್ಲಿಂದ ಹೊರಗೆ ಹಾಕಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಸಮುದ್ರದ ದಾರಿಯಲ್ಲಿ ಬಂದು ಬಸ್ರೂರಿನ ಮೇಲೆ ದಾಳಿ ಮಾಡಿದ. ಲೂಟಿಗೆ ಅಷ್ಟು ದೂರದಿಂದ ಹಡಗು ತರುತ್ತಾರೆ ಅಂದರೆ ಊರಿನಲ್ಲಿ ಎಷ್ಟು ಸಂಪತ್ತಿತ್ತು ಎಂದು ಅಂದಾಜು ಮಾಡಬಹುದು. 1763ರಲ್ಲಿ ಬಿದನೂರು ಹೈದರ್ ಅಲಿಯ ಕೈಗೆ ಹೋಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರು ಬಂದರು.

ಹಡಗುಗಳು ದೊಡ್ಡದಾಗುತ್ತಾ ಬಂದಂತೆ ಹೊಳೆಯೊಳಗಿನ ಬಂದರುಗಳಿಗೆ ಕಷ್ಟಕಾಲ ಬಂತು. ಹೊಳೆ ವರ್ಷವೂ ಹೂಳು ತರುತ್ತದೆ, ಕಡಲು ಅಳಿವೆಗೆ ಮರಳು ತಳ್ಳುತ್ತದೆ. ಸರಕು ಕೆಳಗೆ, ಕುಂದಾಪುರ ಗಂಗೊಳ್ಳಿಯ ಕಡೆ ಇಳಿಯಿತು. ಆಮೇಲೆ ಹಬೆ ಹಡಗಿನ ಕಾಲದಲ್ಲಿ ಇಲ್ಲಿಂದಲೂ ಜಾರಿ ಮಂಗಳೂರಿಗೆ ಹೋಯಿತು.

ಇನ್ನೊಂದು ತಿರುವು ಕಾಗದದ ಮೇಲೆ ನಡೆಯಿತು. ಒಂದೇ ಆಗಿದ್ದ ಕೆನರಾ ಜಿಲ್ಲೆಯನ್ನು ಬ್ರಿಟಿಷರು ಎರಡು ಮಾಡಿದರು. 1862ರಲ್ಲಿ ಉತ್ತರದ ಭಾಗ ಮುಂಬೈ ಪ್ರಾಂತ್ಯಕ್ಕೆ ಹೋಯಿತು. ಕುಂದಾಪುರ ಮಾತ್ರ ಮದ್ರಾಸಿನ ಜೊತೆ, ದಕ್ಷಿಣ ಕನ್ನಡದಲ್ಲೇ ಉಳಿಯಿತು. ಮಾತಿನಲ್ಲಿ ಕನ್ನಡದ ಊರು, ಜಿಲ್ಲೆಯಲ್ಲಿ ತುಳುವಿನ ನೆರೆ. ಆ ಜಿಲ್ಲೆಯಿಂದ 1997ರಲ್ಲಿ ಉಡುಪಿ ಬೇರೆಯಾಯಿತು. 2018ರಲ್ಲಿ ಕುಂದಾಪುರ ತಾಲೂಕಿನಿಂದ ಬೈಂದೂರು ಬೇರೆಯಾಯಿತು.

ಹೋಪುದು, ಬಪ್ಪುದು

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಊರಿನವರು ಕುಂದಾಪುರ ಎನ್ನುವುದಿಲ್ಲ, ಕುಂದಾಪ್ರ ಎನ್ನುತ್ತಾರೆ. ಈ ಕನ್ನಡ ಹೊರಗಿನವರಿಗೆ ಮೊದಲು ಅರ್ಥವಾಗುವುದಿಲ್ಲ. ತುಳು ಮಿಶ್ರಣ ಇರಬೇಕು ಎಂದುಕೊಳ್ಳುತ್ತಾರೆ. ಕೆಲವರು ಅಶುದ್ಧ ಕನ್ನಡ ಎಂದೂ ಹೇಳಿಬಿಡುತ್ತಾರೆ. ಎರಡೂ ತಪ್ಪು.

'ಹೋಗುವುದು' ಅನ್ನುವ ಕಡೆ ಕುಂದಾಪ್ರದಲ್ಲಿ 'ಹೋಪುದು'. 'ಬರುವುದು' ಅಲ್ಲಿ 'ಬಪ್ಪುದು'. ಹೋಗಬೇಕಾಗಿದೆ ಎನ್ನಲು 'ಹೋಪುಕಿತ್ತ್'. ಈ 'ಪ' ಎಲ್ಲಿಂದ ಬಂತು? ಹಳಗನ್ನಡದಲ್ಲಿ 'ಹೋಗುವ' ಎನ್ನುವುದಕ್ಕೆ 'ಪೋಪ', 'ಬರುವ' ಎನ್ನುವುದಕ್ಕೆ 'ಬರ್ಪ', 'ಬಪ್ಪ' ಎಂಬ ರೂಪಗಳಿದ್ದವು. ಮುಂದೆ ಕನ್ನಡದಲ್ಲಿ ಶಬ್ದದ ಮೊದಲಿನ 'ಪ' ಹೆಚ್ಚಿನ ಕಡೆ 'ಹ' ಆಯಿತು. ಪಾಲು ಹಾಲಾಯಿತು, ಪೋಗು ಹೋಗು ಆಯಿತು. ಕುಂದಾಪ್ರವೂ ಆ ಬದಲಾವಣೆಗೆ ಒಪ್ಪಿತು. ಆದರೆ ಕೊನೆಯಲ್ಲಿದ್ದ 'ಪ' ಬೇರೆಡೆ 'ವ' ಆದಾಗ ಇಲ್ಲಿಯವರು ಬಿಡಲಿಲ್ಲ. ಹಾಗಾಗಿ 'ಹೋಪ' ಎಂಬ ಒಂದೇ ಶಬ್ದದಲ್ಲಿ ಮೊದಲಕ್ಷರ ಹೊಸದು, ಎರಡನೆಯದು ಸಾವಿರ ವರ್ಷ ಹಳೆಯದು. ಹವ್ಯಕರ ಮಾತಿನಲ್ಲೂ ಈ ರೂಪಗಳಿವೆ. ಒಂದು ಬಸ್ ನಿಲ್ದಾಣದಲ್ಲಿ ನಿಂತು ಇಷ್ಟು ಹಳೆಯ ಕನ್ನಡ ಕೇಳಬಹುದು ಅಂದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹಳೆಯದು ಇಲ್ಲೇ ಯಾಕೆ ಉಳಿಯಿತು? ದಕ್ಷಿಣಕ್ಕೆ ತುಳು, ಪೂರ್ವಕ್ಕೆ ಘಟ್ಟ, ನಡುನಡುವೆ ಹೊಳೆಗಳು. ಘಟ್ಟದ ಮೇಲಿನ ಕನ್ನಡದಲ್ಲಿ ಆದ ಬದಲಾವಣೆಗಳು ಇಲ್ಲಿಗೆ ಬರುವುದು ನಿಧಾನವಾಯಿತು ಎಂದು ನನಗನಿಸುತ್ತದೆ. ಸೇತುವೆಗಳು ಬರುವ ತನಕ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ದೋಣಿಯೇ ಗತಿ. ಹೊರಗಿನ ಸರಕು ಬಂದರಿಗೆ ಬಂತು, ಮಾತು ಮನೆಯೊಳಗೇ ಉಳಿಯಿತು.

ಹಾಗಂತ ಇದು ಒಂದೇ ಮಾತಿನ ಊರಲ್ಲ. ಮೀನುಗಾರರ ಖಾರ್ವಿಕೇರಿಯಲ್ಲಿ ಕೊಂಕಣಿ ಕೇಳುತ್ತದೆ. ಪೇಟೆಯ ಅಂಗಡಿಗಳಲ್ಲಿ ಅದರದ್ದೇ ಇನ್ನೊಂದು ಬಗೆ, ಚರ್ಚಿನ ಅಂಗಳದಲ್ಲಿ ಮತ್ತೊಂದು. ಎಲ್ಲರೂ ಮೀನು ಮಾರ್ಕೆಟ್ಟಿಗೆ ಬಂದ ಕೂಡಲೇ ಕುಂದಾಪ್ರ ಕನ್ನಡ. 2019ರಿಂದ ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಎಂದು ಆಚರಿಸುತ್ತಿದ್ದಾರೆ. ಬೆಂಗಳೂರಿನಲ್ಲೂ ಕೊಲ್ಲಿ ದೇಶಗಳಲ್ಲೂ ಇರುವ ಊರಿನ ಮಕ್ಕಳು ಆ ದಿನವಾದರೂ ನಾಚಿಕೆ ಬಿಟ್ಟು ಮನೆಮಾತಿನಲ್ಲಿ ಮಾತಾಡುತ್ತಾರೆ. ನನಗೆ ಅದು ದೊಡ್ಡ ಸಂತೋಷ.

ದಿಕ್ಕುಗಳ ಹೆಸರನ್ನೂ ಗಮನಿಸಿ. ಮೂಡು ಅಂದರೆ ಪೂರ್ವ, ಪಡು ಪಶ್ಚಿಮ, ತೆಂಕು ದಕ್ಷಿಣ, ಬಡಗು ಉತ್ತರ. ಮನೆಗೆ ಮೂಡ್ಮನೆ, ಪಡುಮನೆ ಎಂದು ಹೆಸರು. ಪಡುಕೋಣೆ ಎಂಬ ಊರಿನ ಹೆಸರಿನಲ್ಲೂ ಅದೇ 'ಪಡು'. ಯಕ್ಷಗಾನದ ಬಡಗುತಿಟ್ಟು, ತೆಂಕುತಿಟ್ಟು ಬಂದದ್ದೂ ಹೀಗೇ. ಕುಂದಾಪುರ ಬಡಗಿನ ಕಡೆಗೆ ಸೇರಿದ್ದು. ಉಪ್ಪಿನಕುದ್ರುವಿನ ಕಾಮತ್ ಮನೆತನ ಅದೇ ಬಡಗುತಿಟ್ಟಿನ ವೇಷಗಳನ್ನು ಸೂತ್ರದ ಗೊಂಬೆಗಳಿಗೆ ಹಾಕಿ, ತಲೆಮಾರುಗಳಿಂದ ಗೊಂಬೆಯಾಟ ನಡೆಸಿಕೊಂಡು ಬಂದಿದೆ. ಕೊಗ್ಗ ಕಾಮತರ ಹೆಸರು ದೇಶದ ಆಚೆಗೂ ಹೋಯಿತು. ಅಷ್ಟು ಸಣ್ಣ ಕುದ್ರುವಿನಿಂದ!

ರಸ್ತೆ ಬಂದ ಮೇಲೆ

ಹೆದ್ದಾರಿ ಮತ್ತು ಸೇತುವೆಗಳು ಬಂದ ಮೇಲೆ ಊರಿನ ನಡು ಹೊಳೆದಂಡೆಯಿಂದ ಶಾಸ್ತ್ರಿ ಸರ್ಕಲ್‌ಗೆ ಸರಿಯಿತು. ಹಳೇ ಬಂದರಿನ ಬದಿ ಸುಮ್ಮನಾಯಿತು. ಹೊಳೆದಂಡೆಯ ಜೇಡಿ ಮಣ್ಣನ್ನು ನಂಬಿ ಎದ್ದ ಹಂಚಿನ ಕಾರ್ಖಾನೆಗಳ ಎತ್ತರದ ಚಿಮಣಿಗಳಲ್ಲಿ ಹೊಗೆ ಕಡಿಮೆಯಾಗುತ್ತಾ ಬಂತು. ಮನೆಗಳಿಗೆ ಕಾಂಕ್ರೀಟ್ ಬಂದಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಅದೂ ಪೇಟೆಯೊಳಗೆ ಬರಲಿಲ್ಲ. ನಿಲ್ದಾಣ ಇರುವುದು ಪೂರ್ವಕ್ಕೆ ಮೂಡ್ಲಕಟ್ಟೆಯಲ್ಲಿ. ರಾತ್ರಿ ರೈಲಿಳಿದರೆ ಪೇಟೆಗೆ ಬರಲು ಆಟೊ ಹುಡುಕಬೇಕು.

ಬೆಂಗಳೂರಿನಲ್ಲಿ ಈ ಊರಿನ ಹೆಸರು ಈಗ ಹೋಟೆಲ್ ಬೋರ್ಡಿನ ಮೇಲೆ ಜಾಸ್ತಿ ಕಾಣುತ್ತದೆ. ಕುಂದಾಪುರ ಕೋಳಿ ಸಾರು, ಘೀ ರೋಸ್ಟ್. ಘೀ ರೋಸ್ಟ್ ಇಲ್ಲಿಯ ಒಂದು ಸಣ್ಣ ಊಟದ ಹೋಟೆಲಿನಿಂದ ಹೊರಟು ದೇಶ ಸುತ್ತಿದ ಅಡುಗೆ. ತಿನ್ನಲು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಈ ಊರಿನ ದಿನದ ಊಟ ಅದಲ್ಲ. ಕುಚ್ಚಲಕ್ಕಿ ಗಂಜಿ, ಬಂಗುಡೆಯ ಅಥವಾ ಭೂತಾಯಿಯ ಸಾರು. ಬೈಲಿನ ಅಕ್ಕಿ, ಅಳಿವೆ ದಾಟಿ ಬಂದ ಮೀನು.

ಅಳಿವೆಯ ಕೆಲಸ ಇನ್ನೂ ಮುಗಿದಿಲ್ಲ. ಗಂಗೊಳ್ಳಿಯ ಮೀನುಗಾರರಿಗೆ ಈಗಲೂ ಅದೇ ಬಾಗಿಲು. ಬೋಟು ದೊಡ್ಡದಾಗಿದೆ, ಹೂಳು ಹಾಗೇ ಇದೆ. ನೀರು ಕಡಿಮೆಯಿದ್ದಾಗ ಬೋಟಿನ ತಳ ಮರಳಿಗೆ ತಾಗಿ ಅಲೆಗೆ ಸಿಕ್ಕರೆ ಮಗುಚುವ ಭಯ. ಅದಕ್ಕೆ ಕೋಡಿ, ಗಂಗೊಳ್ಳಿ ಎರಡೂ ಕಡೆಯಿಂದ ಕಡಲಿನೊಳಗೆ ಕಲ್ಲಿನ ಗೋಡೆ ಚಾಚಿದ್ದಾರೆ. ಅಲೆಯ ಹೊಡೆತ ತಡೆಯುವುದು, ಬಾಗಿಲನ್ನು ಒಂದೇ ಕಡೆ ನಿಲ್ಲಿಸುವುದು ಅದರ ಉದ್ದೇಶ. ಆದರೆ ದಂಡೆಗುಂಟ ಸಾಗುವ ಮರಳಿಗೂ ಆ ಗೋಡೆ ಅಡ್ಡವಾಗುತ್ತದೆ. ಇಂಥ ಗೋಡೆಯ ಒಂದು ಕಡೆ ಮರಳು ತುಂಬಿದರೆ ಇನ್ನೊಂದು ಕಡೆ ಕೊರೆತ ಶುರುವಾಗಬಹುದು. ಹಾಗಾಗಿ ಗೋಡೆ ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ. ದಂಡೆಯನ್ನು ವರ್ಷವರ್ಷ ನೋಡುತ್ತಿರಬೇಕು, ಹೂಳು ತೆಗೆಯುತ್ತಿರಬೇಕು. ಅದೇ ಕೋಡಿಯ ಮರಳಿನಲ್ಲಿ ಕಡಲಾಮೆಗಳು ರಾತ್ರಿ ಬಂದು ಮೊಟ್ಟೆ ಇಡುತ್ತವೆ. ಊರಿನ ಹುಡುಗರು, ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾಯುತ್ತಾರೆ.

ನೀವು ಬರುವುದಾದರೆ ಒಂದು ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಬಸ್ರೂರಿಗೆ ಹೋಗಿ ಕೇರಿಗಳಲ್ಲಿ ನಡೆಯಿರಿ. ಹೊಳೆಗೆ ಇಳಿಯುವ ಕಡೆ ನಿಂತು ಇಲ್ಲಿಗೆ ಹಡಗು ಬರುತ್ತಿತ್ತು ಎಂದು ಊಹಿಸಿ. ಮಧ್ಯಾಹ್ನ ಊಟವಾದ ಮೇಲೆ ಮರವಂತೆಯಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಹೊಳೆಯನ್ನು ನೋಡಿ. ನವೆಂಬರ್ ಡಿಸೆಂಬರ್ ಆದರೆ ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋಗಿ. ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ, ಅಂದರೆ ಚಿಗುರು, ಹಿಡಿದು ತೇರಿನ ಪೇಟೆಯಲ್ಲಿ ನಡೆಯುವುದು ಕಾಣುತ್ತದೆ. ಜೂನ್, ಜುಲೈ ಬೇಡ. ಯಾಂತ್ರಿಕ ಮೀನುಗಾರಿಕೆಗೆ ಆಗ 61 ದಿನ ರಜೆ, ಬೋಟುಗಳೆಲ್ಲ ಕಟ್ಟಿರುತ್ತವೆ.

ಸಂಜೆ ಕೋಡಿಗೆ ಬನ್ನಿ. ಅವತ್ತು ನೀರು ಏರುವ ಹೊತ್ತನ್ನು ಯಾರನ್ನಾದರೂ ಕೇಳಿಕೊಂಡು ಬಂದರೆ ಇನ್ನೂ ಒಳ್ಳೆಯದು. ಹೊರಗೆ ಕಾಯುತ್ತಿದ್ದ ಬೋಟುಗಳು ನೀರು ಏರಿದ ಕೂಡಲೇ ಒಂದರ ಹಿಂದೆ ಒಂದು ಅಳಿವೆಯ ಒಳಗೆ ಬರುತ್ತವೆ. ಆಚೆ ದಂಡೆಯಲ್ಲಿ ಗಂಗೊಳ್ಳಿಯ ದೀಪಗಳು ಹತ್ತಿಕೊಳ್ಳುತ್ತವೆ.